ಪ್ಲಾಂಟೆಡ್ ಟ್ಯಾಂಕಿಗೆ ಯಾವ ತಳಹಾಸು? ನೀರಿನ ಪರೀಕ್ಷೆಯಿಂದ ಆರನೇ ವಾರದವರೆಗೆ ಸಮಗ್ರ ಮಾರ್ಗದರ್ಶಿ

ಪ್ಲಾಂಟೆಡ್ ಟ್ಯಾಂಕ್ ಅಂದರೆ ಮೀನಿನ ಜೊತೆ ನೀರುಗಿಡಗಳನ್ನೂ ಬೆಳೆಸುವ ಅಕ್ವೇರಿಯಂ; ತಳಹಾಸು ಅಂದರೆ ಅದರ ತಳಕ್ಕೆ ಹಾಸುವ ಮರಳು, ಕಲ್ಲು ಅಥವಾ ಮಣ್ಣು. ಇದರ ಬಗ್ಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ ಬಗೆ. ಒಂದು: "ಚೆಂದದ ಬಿಳಿ ಕಲ್ಲು ಹಾಕಿದ್ದೀನಿ, ಲೈಟೂ ಒಳ್ಳೇದೇ ಇದೆ, ಆದ್ರೂ ಗಿಡ ಒಂದೊಂದಾಗಿ ಹಳದಿಯಾಗಿ ಹೋಗ್ತಿದೆ." ಇನ್ನೊಂದು: "ಸಾವಿರಗಟ್ಟಲೆ ಕೊಟ್ಟು ಆಕ್ವಾಸಾಯಿಲ್ ತಂದೆ, ಮೂರು ತಿಂಗಳಿಗೇ ಪಿಎಚ್ ಮತ್ತೆ 8ಕ್ಕೆ ಬಂತು." (ಆಕ್ವಾಸಾಯಿಲ್ ಅಂದರೆ ನೀರುಗಿಡಕ್ಕೆಂದೇ ಮಾಡಿದ ಮಣ್ಣಿನ ಹರಳು.) ಇಬ್ಬರೂ ಕೇಳುವುದು ಬೇರೆ ಯಾವ ಬ್ರ್ಯಾಂಡ್ ತರಲಿ ಅಂತ. ನಿಮ್ಮ ಮನೆ ನೀರಿನ ಕೆಎಚ್, ಅಂದರೆ ಬೈಕಾರ್ಬೊನೇಟ್ ಅಳತೆ, ಎಷ್ಟು ಅಂತ ನಾನು ತಿರುಗಿ ಕೇಳಿದರೆ ಅತ್ತ ಕಡೆ ಸದ್ದಿಲ್ಲ.

ಎಡವಟ್ಟು ಇರುವುದು ಕ್ರಮದಲ್ಲಿ. ಮೊದಲು ತಳಹಾಸಿನ ಚೀಲ ತರುತ್ತೇವೆ, ಆಮೇಲೆ ಗಿಡ, ಆಮೇಲೆ ಮೀನು, ನೀರಿನ ಯೋಚನೆ ಕಟ್ಟಕಡೆಗೆ. ಇದನ್ನು ತಿರುವುಮುರುವು ಮಾಡಿದರೆ ಅರ್ಧ ಗೆದ್ದ ಹಾಗೆ. ಕೆಳಗಿನ ಲೆಕ್ಕವೆಲ್ಲ 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಟ್ಯಾಂಕಿಗೆ, ಅಂದರೆ ನಮ್ಮಲ್ಲಿ ಎಲ್ಲರೂ ಶುರು ಮಾಡುವ "ಎರಡಡಿ ಟ್ಯಾಂಕ್".

## ಮೊದಲು ಕೈಗೆ ಬೇಕಾದ ಸಾಮಾನು

ಹನಿ ಹಾಕಿ ನೋಡುವ ಕೆಎಚ್, ಜಿಎಚ್ ಕಿಟ್ ಮತ್ತು ಅಮೋನಿಯಾ, ನೈಟ್ರೈಟ್ ಕಿಟ್. ಟಿಡಿಎಸ್ ಮೀಟರ್ ಇದ್ದರೆ ಸರಿ, ಆದರೆ ಅದೊಂದನ್ನೇ ನಂಬಬೇಡಿ. ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅನ್ನುತ್ತದೆಯೇ ಹೊರತು ಏನು ಕರಗಿದೆ ಅನ್ನುವುದಿಲ್ಲ. ಜೊತೆಗೆ ಎರಡು ಬಕೆಟ್, ಒಂದು ರವೆ ಜರಡಿ, ಎರಡು ಖಾಲಿ ಗಾಜಿನ ಬಾಟಲಿ, ಉದ್ದ ಚಿಮುಟ, ತೆಳು ಪೈಪು, ಹಳೇ ತಟ್ಟೆ, ಎರಡು ನಿಂಬೆಹಣ್ಣು. ಈ ಬಕೆಟ್‌ಗಳಿಗೆ ಸೋಪು ಎಂದೂ ತಾಗಿರಬಾರದು.

## ಹಂತ 1: ನಲ್ಲಿ ನೀರನ್ನು ಅಳೆಯಿರಿ

5 ಮಿ.ಲೀ. ನೀರಿಗೆ ಕೆಎಚ್ ದ್ರಾವಣವನ್ನು ಹನಿಹನಿಯಾಗಿ ಹಾಕಿ. ನೀಲಿ ಬಣ್ಣ ಹಳದಿಗೆ ತಿರುಗಲು ಎಷ್ಟು ಹನಿ ಬೇಕಾಯಿತೋ ಅಷ್ಟೇ ಡಿಗ್ರಿ ಕೆಎಚ್. ಅದು ನೀರಿನಲ್ಲಿರುವ ಬೈಕಾರ್ಬೊನೇಟ್‌ನ ಅಳತೆ. ತಳಹಾಸಿನ ಆಯ್ಕೆಯಲ್ಲಿ ಪಿಎಚ್‌ಗಿಂತ ಇದೇ ದೊಡ್ಡದು. ಜಿಎಚ್ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ.

ಓದುವುದು ಹೀಗೆ: ಕೆಎಚ್ 4ರ ಒಳಗಿದ್ದರೆ ಯಾವ ತಳಹಾಸಾದರೂ ನಡೆಯುತ್ತದೆ. 4ರಿಂದ 8 ಇದ್ದರೆ ಆಕ್ವಾಸಾಯಿಲ್ ಕೆಲಸ ಮಾಡುತ್ತದೆ, ಆದರೆ ಆಯಸ್ಸು ಕಡಿಮೆ. 8 ದಾಟಿದರೆ ಆಕ್ವಾಸಾಯಿಲಿಗೆ ದುಡ್ಡು ಸುರಿಯುವ ಮುಂಚೆ ಎರಡು ಸಲ ಯೋಚಿಸಿ. ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗಳ ಉತ್ತರ ಬೇರೆಬೇರೆಯಾಗಬಹುದು: ಒಬ್ಬರಿಗೆ ಕಾವೇರಿ, ಇನ್ನೊಬ್ಬರಿಗೆ ಬೋರ್‌ವೆಲ್. ಟ್ಯಾಂಕರ್ ನೀರಾದರೆ ಪ್ರತಿ ಲೋಡೂ ಒಂದೊಂದು ಥರ. ಮೂರು ಬೇರೆ ದಿನ ಅಳೆದು, ಅತಿ ಹೆಚ್ಚು ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಅಪಾರ್ಟ್‌ಮೆಂಟ್‌ನವರಿಗೆ ಒಂದು ವಿಶೇಷ ಎಚ್ಚರಿಕೆ. ಗೆಳೆಯನ ಫ್ಲ್ಯಾಟಿನಲ್ಲಿ ಅಳೆದಾಗ ಜಿಎಚ್ ಒಂದೇ ಹನಿಗೆ ಮುಗಿಯಿತು, ಕೆಎಚ್ ಮಾತ್ರ 13ನೇ ಹನಿಯವರೆಗೆ ನೀಲಿಯಾಗೇ ಇತ್ತು. ಕಿಟ್ ಕೆಟ್ಟಿದೆ ಅಂದುಕೊಂಡು ಎರಡನೇ ಸಲ ನೋಡಿದೆವು, ಅದೇ. ಆಮೇಲೆ ತಿಳಿದದ್ದು, ಕೆಳಗೆ ಸಂಪಿನ ಪಕ್ಕ ಉಪ್ಪು ಹಾಕುವ ಸಾಫ್ಟ್‌ನರ್ ಇದೆ ಅಂತ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ಗೀಸರ್‌ಗೆ ಅದು ಮೃದು ನೀರು, ಗಿಡಕ್ಕೆ ಅಲ್ಲ. ಸಾಧ್ಯವಿದ್ದರೆ ಸಾಫ್ಟ್‌ನರ್‌ಗಿಂತ ಮುಂಚಿನ ನಲ್ಲಿಯಿಂದ ನೀರು ಹಿಡಿಯಿರಿ.

ಕೆಎಚ್ ಇಳಿಸಲು ಮಾಯದ ಪುಡಿ ಬೇಡ. ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿದರೆ 12 ಇದ್ದದ್ದು ಸುಮಾರು 6 ಆಗುತ್ತದೆ. ಮಳೆಗಾಲದಲ್ಲಿ ಮೊದಲ ಎರಡು ಮಳೆ ಬಿಟ್ಟು ಸ್ವಚ್ಛ ತಾರಸಿಯಿಂದ ಹಿಡಿದ ನೀರೂ ಅಷ್ಟೇ ಮೃದು. ಆದರೆ ವಾರವಾರ ಅಷ್ಟು ನೀರು ಹೊಂದಿಸುವುದು ನಿಮ್ಮಿಂದ ಆಗುತ್ತದೆಯೇ? ಆಗುವುದಿಲ್ಲ ಅಂತ ಈಗಲೇ ಒಪ್ಪಿಕೊಂಡರೆ ಆಯ್ಕೆ ಸಲೀಸು.

## ಹಂತ 2: ಗಿಡಗಳ ಪಟ್ಟಿ ಬರೆಯಿರಿ

ಎಷ್ಟೋ ಗಿಡಗಳಿಗೆ ತಳಹಾಸೇ ಬೇಡ. ಅನುಬಿಯಾಸ್, ಜಾವಾ ಫರ್ನ್, ಬ್ಯೂಸೆಫಲ್ಯಾಂಡ್ರಾ ಇವನ್ನು ಮರದ ತುಂಡಿಗೋ ಕಲ್ಲಿಗೋ ಕಟ್ಟಬೇಕು. ಇವುಗಳ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ನಿಮ್ಮ ಪಟ್ಟಿ ಇಷ್ಟೇ ಆದರೆ ಎರಡು ಸೆಂ.ಮೀ. ಮರಳು ಹಾಕಿ, ಮುಂದೆ ಓದುವ ಶ್ರಮವೇ ಬೇಡ.

ಬೇರಿನಿಂದ ಉಣ್ಣುವವು ಬೇರೆ ಜಾತಿ: ಕ್ರಿಪ್ಟೊಕೊರೈನ್, ಅಮೆಜಾನ್ ಸ್ವೋರ್ಡ್, ವಾಲಿಸ್ನೇರಿಯಾ, ಟೈಗರ್ ಲೋಟಸ್. ಇವಕ್ಕೆ ತಳದಲ್ಲಿ ಊಟ ಇರಲೇಬೇಕು. ರೊಟಾಲಾ, ಹೈಗ್ರೊಫಿಲಾ, ಲುಡ್ವಿಜಿಯಾದಂಥ ಕಾಂಡದ ಗಿಡಗಳು ಎಲೆಯಿಂದಲೂ ಹೀರುತ್ತವೆ, ನೀರಿಗೆ ದ್ರವಗೊಬ್ಬರ ಹಾಕಿಯೂ ಸಾಕಬಹುದು. ನೆಲದ ಮೇಲೆ ಹರಡುವ ಮಾಂಟೆ ಕಾರ್ಲೊ, ಡ್ವಾರ್ಫ್ ಹೇರ್‌ಗ್ರಾಸ್‌ಗೆ ಸಣ್ಣ, ಹಗುರ, ಹಿಡಿತವಿರುವ ಹರಳು ಬೇಕು. ದೊಡ್ಡ ಜಲ್ಲಿಯಲ್ಲಿ ನೆಟ್ಟದ್ದು ಬೆಳಗಾಗುವಷ್ಟರಲ್ಲಿ ಮೇಲೆ ತೇಲುತ್ತಿರುತ್ತದೆ.

ಗಡಸು ನೀರಿಗೆ ಒಗ್ಗುವವು ವಾಲಿಸ್ನೇರಿಯಾ, ಕ್ರಿಪ್ಟೊಕೊರೈನ್ ವೆಂಡ್ಟಿ, ಸ್ಯಾಜಿಟೇರಿಯಾ, ಹೈಗ್ರೊಫಿಲಾ. ರೊಟಾಲಾ ಮ್ಯಾಕ್ರಾಂಡ್ರಾದಂಥ ಕೆಂಪು ಸುಂದರಿಯರು, ಟೊನಿನಾ, ಎರಿಯೊಕೌಲಾನ್ ಮೃದು ನೀರಿನವು. ಮ್ಯಾಕ್ರಾಂಡ್ರಾ ನಮ್ಮ ಪಶ್ಚಿಮ ಘಟ್ಟದ್ದೇ ಗಿಡ. ಊರಿನ ಗಿಡ ತಾನೇ ಅಂತ ತಂದು ಬೋರ್‌ವೆಲ್ ನೀರಿಗಿಟ್ಟವರು ಬಹಳ ಮಂದಿ. ಅದು ಹುಟ್ಟಿ ಬೆಳೆದದ್ದು ಮಳೆನೀರು ಹರಿಯುವ ತೊರೆಯಲ್ಲಿ, 900 ಅಡಿ ಆಳದ ಕಲ್ಲಿನ ಸೀಳಿನಿಂದ ಎತ್ತಿದ ನೀರಿನಲ್ಲಲ್ಲ.

## ಹಂತ 3: ಮೀನು ಏನು ಮಾಡುತ್ತದೆ ನೋಡಿ

ಕೊರಿಡೊರಾಸ್, ಲೋಚ್‌ಗಳು ಮೀಸೆಯಿಂದ ನೆಲ ಕೆದಕುತ್ತವೆ. ಚೂಪು ಅಂಚಿನ ಪುಡಿಕಲ್ಲು ಹಾಕಿದರೆ ಮೀಸೆ ಸವೆದು ಹುಣ್ಣಾಗುತ್ತದೆ. ಗೋಲ್ಡ್‌ಫಿಶ್, ದೊಡ್ಡ ಸಿಕ್ಲಿಡ್‌ಗಳು ನೆಲ ಅಗೆಯುತ್ತವೆ, ಅವಿದ್ದಲ್ಲಿ ಮರಳಿನ ಕೆಳಗೆ ಮಣ್ಣು ಹಾಕುವ ಯೋಚನೆಯನ್ನೇ ಬಿಡಿ. ಮೃದು ನೀರಿನ ಕ್ಯಾರಿಡಿನಾ ಸಿಗಡಿ ಸಾಕುವವರಿಗೆ ಆಕ್ವಾಸಾಯಿಲ್ ಬೇಕು, ಸಾಮಾನ್ಯ ಕೆಂಪು ಚೆರ್ರಿ ಸಿಗಡಿಗೆ ಬರೀ ಮರಳೇ ಸಾಕು.

## ಹಂತ 4: ಮೂರರಲ್ಲಿ ಒಂದು ದಾರಿ ಹಿಡಿಯಿರಿ

ಅಂಗಡಿಯಲ್ಲಿ ಮೂವತ್ತು ಹೆಸರಿನ ಚೀಲಗಳಿದ್ದರೂ ದಾರಿಗಳು ಮೂರೇ.

ದಾರಿ ಒಂದು: ಜಡ ಮರಳು ಮತ್ತು ಬೇರಿನ ಗುಳಿಗೆ. ಸ್ಫಟಿಕದ ಮರಳು ನೀರಿಗೆ ಏನನ್ನೂ ಬಿಡುವುದಿಲ್ಲ, ನೀರಿನಿಂದ ಏನನ್ನೂ ಎಳೆಯುವುದಿಲ್ಲ. ಊಟ ನೀವೇ ಕೊಡಬೇಕು: ರೂಟ್ ಟ್ಯಾಬ್‌ಗಳನ್ನು 10ರಿಂದ 12 ಸೆಂ.ಮೀ. ಅಂತರದಲ್ಲಿ ತಳಮುಟ್ಟ ಒತ್ತಬೇಕು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ. ಗಡಸು ನೀರಿನವರಿಗೆ ನನ್ನ ಮೊದಲ ಶಿಫಾರಸು ಇದೇ. ನೋಡಲು ಸಾದಾ, ಆದರೆ ವರ್ಷಗಟ್ಟಲೆ ಬದಲಿಸುವ ತಾಪತ್ರಯವಿಲ್ಲ. ಮರಳನ್ನು ಅಕ್ವೇರಿಯಂ ಅಂಗಡಿಯಲ್ಲೇ ಕೊಳ್ಳಬೇಕಂತಿಲ್ಲ. ನೀರು ಶುದ್ಧೀಕರಣದ ಫಿಲ್ಟರ್‌ಗಳಿಗೆ ಮರಳು ಮಾರುವವರ ಹತ್ತಿರ ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದ ಸಿಲಿಕಾ ಮರಳು ಚೀಲದಲ್ಲೇ ಸಿಗುತ್ತದೆ.

ಕಟ್ಟಡದ ಎಂ-ಸ್ಯಾಂಡ್ ಆಗುತ್ತದಾ ಅಂತ ಕೇಳದವರಿಲ್ಲ. ಗ್ರಾನೈಟ್ ಪುಡಿ ಮಾಡಿದ್ದು, ರಾಸಾಯನಿಕವಾಗಿ ತೊಂದರೆಯಿಲ್ಲ. ಆದರೆ ಅಂಚು ಚೂಪು, ಧೂಳು ವಿಪರೀತ. ಒಂದು ಚೀಲ ತೊಳೆದರೆ ಕಾಲು ಚೀಲ ಚರಂಡಿಗೇ ಹೋಗುತ್ತದೆ. ನೆಲ ಕೆದಕುವ ಮೀನಿಲ್ಲದಿದ್ದರೆ, ತೊಳೆಯುವ ತಾಳ್ಮೆಯಿದ್ದರೆ, ಆಗಲಿ. ಸಮುದ್ರದ ಮರಳು ಮಾತ್ರ ಬೇಡವೇ ಬೇಡ. ಅದರಲ್ಲಿರುವ ಕಪ್ಪೆಚಿಪ್ಪಿನ ಚೂರುಗಳು ನೀರನ್ನು ದಿನದಿನಕ್ಕೆ ಗಡಸು ಮಾಡುತ್ತಲೇ ಇರುತ್ತವೆ.

ದಾರಿ ಎರಡು: ಆಕ್ವಾಸಾಯಿಲ್. ಸುಟ್ಟು ಗಟ್ಟಿ ಮಾಡಿದ ಪೋಷಕಾಂಶಭರಿತ ಮಣ್ಣಿನ ಹರಳು. ಬೈಕಾರ್ಬೊನೇಟನ್ನು ಎಳೆದುಕೊಂಡು ನೀರನ್ನು ಮೃದು ಮಾಡುತ್ತದೆ, ಪಿಎಚ್ ಅನ್ನು 6ರಿಂದ 6.8ರ ಆಸುಪಾಸಿಗೆ ತರುತ್ತದೆ. ಗಿಡಕ್ಕೆ ಇದಕ್ಕಿಂತ ಸುಲಭದ ಹಾಸಿಗೆ ಇಲ್ಲ. ಆದರೆ ಈ ಎಳೆಯುವ ಶಕ್ತಿಗೊಂದು ಮಿತಿಯಿದೆ. ಕೆಎಚ್ 12ರ ನೀರಿನಲ್ಲಿ ಪ್ರತಿ ಸಲ ನೀರು ಬದಲಿಸಿದಾಗಲೂ ಒಂದಿಷ್ಟು ಶಕ್ತಿ ಸುಡುತ್ತದೆ, ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಪಿಎಚ್ 8ಕ್ಕೆ ವಾಪಸು ಬಂತು ಅನ್ನುವವರ ಕಥೆ ಇದೇ, ಚೀಲ ನಕಲಿಯಲ್ಲ. ಇನ್ನೊಂದು ಬೆಲೆಯೂ ಇದೆ: ಮೊದಲ ಮೂರು ನಾಲ್ಕು ವಾರ ಇದು ಅಮೋನಿಯಾ ಬಿಡುತ್ತದೆ.

ಮೃದು ನೀರು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಕೆಂಪು ಗಿಡ, ನೆಲದ ಮೇಲೆ ಹರಡುವ ಗಿಡ ಇವೆಲ್ಲ ಬೇಕಾದವರು ಈ ದಾರಿ ಹಿಡಿಯಿರಿ. ದುಡ್ಡು ಕಡಿಮೆಯಾದರೆ ಗಿಡ ನೆಡುವ ಹಿಂಭಾಗಕ್ಕೆ ಮಾತ್ರ ಆಕ್ವಾಸಾಯಿಲ್, ಮುಂಭಾಗಕ್ಕೆ ಮರಳು, ನಡುವೆ ಕಲ್ಲಿನ ಒಡ್ಡು ಕಟ್ಟಬಹುದು. ಒಡ್ಡಿನ ಸಂದುಗಳಿಗೆ ಫಿಲ್ಟರ್ ಹತ್ತಿ ತುರುಕದಿದ್ದರೆ ತಿಂಗಳಲ್ಲಿ ಎರಡೂ ಬೆರೆತು ಕಲಬೆರಕೆಯಾಗುತ್ತದೆ.

ದಾರಿ ಮೂರು: ಮಣ್ಣು, ಅದರ ಮೇಲೆ ಮರಳಿನ ಮುಚ್ಚಳ. ಅಗ್ಗ, ಗಿಡ ಹುಚ್ಚೆದ್ದು ಬೆಳೆಯುತ್ತದೆ, ಆದರೆ ತಪ್ಪಿಗೆ ಕ್ಷಮೆಯಿಲ್ಲ. ಗಿಡವನ್ನು ಪದೇ ಪದೇ ಕಿತ್ತು ಜಾಗ ಬದಲಿಸುವ ಚಾಳಿಯಿರುವವರು ಇತ್ತ ಸುಳಿಯಬೇಡಿ. ಒಂದು ದೊಡ್ಡ ಸ್ವೋರ್ಡ್ ಕಿತ್ತರೆ ಟ್ಯಾಂಕೆಲ್ಲ ಗದ್ದೆ ಉತ್ತ ಹಾಗಾಗುತ್ತದೆ.

ಯಾವ ಮಣ್ಣು? ಗೊಬ್ಬರ, ಕೀಟನಾಶಕ ಕಾಣದ ಜಾಗದ ಕೆಮ್ಮಣ್ಣು. ಇದರಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿದೆ. ನರ್ಸರಿಯ ರೆಡಿ ಪಾಟಿಂಗ್ ಮಿಶ್ರಣ ಬೇಡ: ಕೊಕೊಪೀಟ್ ತೇಲುತ್ತದೆ, ಅದಕ್ಕೆ ಬೆರೆಸಿರುವ ಬೇವಿನ ಹಿಂಡಿ ಮೀನಿಗೂ ಸಿಗಡಿಗೂ ಆಗಿಬರದು. ಉತ್ತರ ಕರ್ನಾಟಕದವರು ಹೊಲದ ಎರೆಮಣ್ಣನ್ನು ಬಳಸಲು ಹೋಗಬೇಡಿ. ಹತ್ತಿಗೆ, ಜೋಳಕ್ಕೆ ಅದು ಬಂಗಾರ. ಟ್ಯಾಂಕಿನಲ್ಲಿ ಉಬ್ಬಿ, ನೀರನ್ನು ಕದಡಿ, ಒಳಗಿನ ಸುಣ್ಣದ ಹರಳುಗಳಿಂದ ಗಡಸುತನ ಏರಿಸುತ್ತದೆ.

ಕೆಮ್ಮಣ್ಣನ್ನು ಜರಡಿ ಹಿಡಿದು ಬಕೆಟ್ಟಿನಲ್ಲಿ ನೆನೆಹಾಕಿ. ಮೇಲೆ ತೇಲಿದ ಕಸಕಡ್ಡಿ ಬಸಿದು, ಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಮತ್ತೆ ನೆನೆಸಿ, ಮತ್ತೆ ಒಣಗಿಸಿ. ಹೀಗೆ ನಾಲ್ಕು ಸಲ ಮಾಡುವಷ್ಟರಲ್ಲಿ ಕೊಳೆಯುವುದೆಲ್ಲ ಬಹುತೇಕ ಕೊಳೆತು ಮುಗಿದಿರುತ್ತದೆ. ಬೇಸಿಗೆಯಲ್ಲಿ ಎರಡು ವಾರದ ಕೆಲಸ, ಆಷಾಢದಲ್ಲಿ ಶುರು ಮಾಡಿದರೆ ದೇವರೇ ಗತಿ. ಎರೆಗೊಬ್ಬರ ಬೆರೆಸುವುದಾದರೆ ಹತ್ತರಲ್ಲಿ ಒಂದು ಪಾಲು ಸಾಕು. ಅರ್ಧಕ್ಕರ್ಧ ಹಾಕಿ ಅಂತ ಹೇಳಿಕೊಡುವವರಿದ್ದಾರೆ. ಅಮೋನಿಯಾ ಏರಿ ಹಸಿರು ನೀರಾದ ಮೇಲೆ ಅವರು ಫೋನ್ ಎತ್ತುವುದಿಲ್ಲ.

ಮಣ್ಣಿನ ಪದರ 2ರಿಂದ 2.5 ಸೆಂ.ಮೀ., ಮೀರಬಾರದು. ಮೇಲೆ 3ರಿಂದ 4 ಸೆಂ.ಮೀ. ಮರಳು. ಯೂರಿಯಾ, ಡಿಎಪಿ ಒಂದು ಚಿಟಿಕೆಯೂ ಬೇಡ.

## ಹಂತ 5: ಕೊಳ್ಳುವ ಮುಂಚೆ ಮೂರು ಪರೀಕ್ಷೆ

ನಿಂಬೆರಸ. ಅಂಗಡಿಯಿಂದ ಒಂದು ಹಿಡಿ ಸ್ಯಾಂಪಲ್ ಕೇಳಿ ತನ್ನಿ. ಒಣಗಿದ ಕಲ್ಲಿನ ಮೇಲೆ ನಿಂಬೆ ಹಿಂಡಿ ಕಿವಿ ಹತ್ತಿರ ಹಿಡಿಯಿರಿ. ಸೋಡಾ ಬಾಟಲಿ ತೆಗೆದಾಗಿನಂತೆ ಸಣ್ಣ ಸುಯ್ ಸದ್ದು, ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಬಿಳಿ ಮಾರ್ಬಲ್ ಚಿಪ್ಸ್ ಇಲ್ಲೇ ಸಿಕ್ಕಿಬೀಳುತ್ತದೆ. ನನ್ನ ಮೊದಲ ಟ್ಯಾಂಕಿಗೆ ಹಾಕಿದ್ದು ಅದೇ. ಕೊಟ್ಟವರು "ಇಂಪೋರ್ಟೆಡ್ ವೈಟ್" ಅಂದಿದ್ದರು. ನಾಲ್ಕು ತಿಂಗಳು ಸ್ವೋರ್ಡ್ ಗಿಡದ ಹೊಸ ಎಲೆಗಳೆಲ್ಲ ಹಳದಿಯಾಗಿ, ನರ ಮಾತ್ರ ಹಸಿರಾಗಿ ಬರುತ್ತಿದ್ದವು. ಕಬ್ಬಿಣ ಕಡಿಮೆಯಾಗಿದೆ ಅಂತ ಗೊಬ್ಬರ ಹಾಕುತ್ತಾ ಹೋದೆ. ಕೊನೆಗೊಂದು ದಿನ ಅಡುಗೆಮನೆ ಕಟ್ಟೆಯ ಮೇಲೆ ನಾಲ್ಕು ಕಲ್ಲಿಟ್ಟು ನಿಂಬೆ ಹಿಂಡಿದಾಗ ಅವು ಬುರುಬುರು ನೊರೆಯುಕ್ಕಿಸಿದವು.

ಒಂದು ಮೋಸ ಇದೆ: ಡೋಲೊಮೈಟ್ ಕಲ್ಲು ಇಡಿಯಾಗಿದ್ದಾಗ ನಿಂಬೆಗೆ ಸುಮ್ಮನಿರುತ್ತದೆ. ಕುಟ್ಟಿ ಪುಡಿ ಮಾಡಿ ಅದರ ಮೇಲೆ ಹಾಕಿ ನೋಡಿ.

ಬಾಟಲಿ. ಎರಡು ಬಾಟಲಿಗೂ ಒಂದೇ ಆರ್‌ಒ ನೀರು ತುಂಬಿಸಿ. ಒಂದಕ್ಕೆ ಮೂರನೇ ಒಂದು ಭಾಗ ತೊಳೆದ ತಳಹಾಸು ಹಾಕಿ, ಇನ್ನೊಂದು ಹಾಗೇ ಇರಲಿ. ಒಂದು ವಾರ ಬಿಟ್ಟು ಎರಡರ ಕೆಎಚ್, ಜಿಎಚ್ ಅಳೆಯಿರಿ. ವ್ಯತ್ಯಾಸ ಒಂದು ಹನಿಯೊಳಗಿದ್ದರೆ ಮರಳು ಜಡ. ಬಣ್ಣದ ಕಲ್ಲಾದರೆ ನೀರಿನ ಬಣ್ಣವನ್ನೂ ನೋಡಿ. ಬೆರಳಲ್ಲಿ ಉಜ್ಜಿದರೆ ಬಣ್ಣ ಅಂಟುವ ಕಲ್ಲನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಗಾತ್ರ. ಇದಕ್ಕೆ ಅಡುಗೆಮನೆಯ ಡಬ್ಬಿಗಳಿಗಿಂತ ಒಳ್ಳೆಯ ಅಳತೆ ಇಲ್ಲ. ಸಣ್ಣ ರವೆಗಿಂತ ನುಣ್ಣಗಿದ್ದರೆ ಮರಳು ಒತ್ತಾಗಿ ಕೂತು ಗಾಳಿಯಾಡುವುದಿಲ್ಲ. ರಾಗಿ ಮತ್ತು ಸಾಸಿವೆ ಗಾತ್ರ, ಅಂದರೆ 1ರಿಂದ 2 ಮಿ.ಮೀ., ಬೇರಿಗೆ ಅತ್ಯುತ್ತಮ. ಮಣ್ಣಿನ ಮೇಲಿನ ಮುಚ್ಚಳಕ್ಕೂ ಇದೇ ಸರಿ. ಹೆಸರುಕಾಳು ನನ್ನ ಮಟ್ಟಿಗೆ ಗಡಿ. ಕಡಲೆಕಾಳಿನಷ್ಟು ದೊಡ್ಡ ಜಲ್ಲಿಯಾದರೆ ಉಳಿದ ಮೀನಿನ ತಿಂಡಿ, ಹಿಕ್ಕೆ ಎಲ್ಲ ಸಂದಿಯೊಳಗೆ ಇಳಿದು ಅಲ್ಲೇ ಕೊಳೆಯುತ್ತದೆ. ಬೇರೆಬೇರೆ ಗಾತ್ರದ್ದನ್ನು ಪದರಪದರವಾಗಿ ಹಾಕಿದರೆ ಸಣ್ಣದು ಕೆಳಗಿಳಿದು ದೊಡ್ಡದು ಮೇಲೆ ಬರುತ್ತದೆ. ಮೇಲೆ ರವೆ, ಕೆಳಗೆ ಜಲ್ಲಿ ಅಂತ ಚಿತ್ರ ಬಿಡಿಸಿದವರ ಚಿತ್ರ ತಿಂಗಳಲ್ಲಿ ತಲೆಕೆಳಗು.

## ಹಂತ 6: ಎಷ್ಟು ಬೇಕು, ಲೆಕ್ಕ ಹಾಕಿ

ಮುಂದೆ 4 ಸೆಂ.ಮೀ., ಹಿಂದೆ 8, ಸರಾಸರಿ 6. 60 × 30 × 6 = 10,800. ಸಾವಿರದಿಂದ ಭಾಗಿಸಿದರೆ 10.8 ಲೀಟರ್. ಆಕ್ವಾಸಾಯಿಲ್ ಸಾಮಾನ್ಯವಾಗಿ ಲೀಟರ್ ಲೆಕ್ಕದಲ್ಲೇ ಬರುತ್ತದೆ. ಮರಳಾದರೆ ಲೀಟರಿಗೆ ಒಂದೂವರೆ ಕೆ.ಜಿ.ಗಿಂತ ತುಸು ಹೆಚ್ಚು ಹಿಡಿಯಿರಿ, ಅಂದರೆ ಸುಮಾರು 17 ಕೆ.ಜಿ. ತೊಳೆಯುವಾಗ ಹೋಗುವುದಕ್ಕೆ ಇನ್ನೆರಡು ಕೆ.ಜಿ. ಸೇರಿಸಿ. ಸ್ಟ್ಯಾಂಡ್ 100 ಕೆ.ಜಿ. ತಡೆಯುವಂತಿರಲಿ.

ಕೆ.ಜಿ. ಲೆಕ್ಕದಲ್ಲಿ ಮಾರುವ ಸಾಯಿಲ್ ಕಂಡರೆ ಲೀಟರಿಗೆ ಎಷ್ಟು ಬೀಳುತ್ತದೆ ಅಂತ ಕೇಳಿ. ಬೆಲೆ ಹೋಲಿಸಬೇಕಾದ್ದು ಹಾಗೆ.

## ಹಂತ 7: ತೊಳೆಯಿರಿ, ಆಕ್ವಾಸಾಯಿಲ್ ಬಿಟ್ಟು

ಮರಳನ್ನು ಒಮ್ಮೆಗೆ ಮೂರು ನಾಲ್ಕು ಕೆ.ಜಿ. ಮಾತ್ರ ಬಕೆಟ್ಟಿಗೆ ಹಾಕಿ, ನೀರು ಬಿಟ್ಟು, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ಬಸಿಯಿರಿ. ಎಂಟು ಹತ್ತು ಸಲ ಬೇಕಾಗುತ್ತದೆ. ಬಸಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಅದರ ಹಿಂದೆ ದಿನಪತ್ರಿಕೆ ಇಟ್ಟು ನೋಡಿ; ಅಕ್ಷರ ಓದಲು ಬಂದರೆ ಸಾಕು. ಮೊದಲ ಆರೇಳು ಸಲಕ್ಕೆ ಆರ್‌ಒ ಹೊರಬಿಡುವ ನೀರನ್ನೇ ಬಳಸಿ, ಕೊನೆಯ ಎರಡು ಸಲಕ್ಕೆ ಒಳ್ಳೆಯ ನೀರು. ಅಡುಗೆಮನೆ ಸಿಂಕ್‌ನಲ್ಲಿ ಮಾಡಬೇಡಿ; ಪೈಪು ಕಟ್ಟಿಕೊಂಡರೆ ಪ್ಲಂಬರ್ ಖರ್ಚು ಟ್ಯಾಂಕಿನ ಖರ್ಚನ್ನೇ ಮೀರುತ್ತದೆ.

ಆಕ್ವಾಸಾಯಿಲನ್ನು ತೊಳೆದರೆ ಹರಳು ಒಡೆದು ಕೆಸರಾಗುತ್ತದೆ. ಚೀಲದಿಂದ ನೇರ ಟ್ಯಾಂಕಿಗೆ. ತಳದಲ್ಲಿ ಉಳಿದ ಪುಡಿಯನ್ನು ಮೊದಲು ಸುರಿಯಿರಿ, ಅದು ಕೆಳಗೇ ಇರಲಿ.

## ಹಂತ 8: ಹಾಸಿ, ನೆಟ್ಟು, ನೀರು ತುಂಬಿ

ಕಲ್ಲು, ಮರದ ತುಂಡುಗಳನ್ನು ಟ್ಯಾಂಕಿನ ತಳದ ಮೇಲೆ ಮೊದಲು ಕೂರಿಸಿ, ಆಮೇಲೆ ತಳಹಾಸು. ಮರಳಿನ ಮೇಲೆ ಭಾರದ ಕಲ್ಲಿಟ್ಟರೆ ಮೀನು ಕೆಳಗೆ ಕೆದಕಿದಾಗ ಉರುಳಿ ಗಾಜು ಸೀಳುತ್ತದೆ. ಭಾರದ ಕಲ್ಲಿನಡಿ ಒಂದು ತುಂಡು ಫೋಮ್ ಇರಲಿ.

ಮಣ್ಣಿನ ದಾರಿಯವರು ಮುಂಗಾಜಿನಿಂದ ಮೂರು ಸೆಂ.ಮೀ. ಬಿಟ್ಟು ಮಣ್ಣು ಹಾಸಿ, ಆ ಅಂಚನ್ನು ಮರಳಿನಿಂದಲೇ ತುಂಬಿಸಿ. ಗಾಜಿನಾಚೆ ಕೆಸರಿನ ಪಟ್ಟಿ ಕಾಣುವುದಿಲ್ಲ. ಮಣ್ಣನ್ನು ಚಪಾತಿ ಹಿಟ್ಟಿನಷ್ಟು ಹದಕ್ಕೆ ನೆನೆಸಿ ಹಾಸಿದರೆ ಒಳಗೆ ಗಾಳಿಗುಳ್ಳೆ ಉಳಿಯುವುದಿಲ್ಲ.

ಈಗ ತಳಹಾಸಿನ ಮಟ್ಟಕ್ಕೆ ಬರುವಷ್ಟು ಮಾತ್ರ ನೀರು. ಟ್ಯಾಂಕ್ ತುಂಬಿಸಿ ಮೊಣಕೈವರೆಗೆ ಕೈ ಇಳಿಸಿ ನೆಡುವುದು ಹೊಸಬರ ತಪ್ಪು. ಚಿಮುಟದಲ್ಲಿ ಬೇರಿನ ತುದಿ ಹಿಡಿದು ಓರೆಯಾಗಿ ಒಳಗೆ ತೂರಿಸಿ, ಚಿಮುಟ ಸಡಿಲಿಸಿ ನಿಧಾನ ಹೊರಗೆಳೆಯಿರಿ. ಸ್ವೋರ್ಡ್, ಕ್ರಿಪ್ಟ್‌ಗಳ ಎಲೆ ಹೊರಡುವ ಬುಡದ ಸುಳಿ ಮರಳಿನ ಮೇಲಿರಬೇಕು. ಮೊದಲ ದಿನವೇ ದಟ್ಟವಾಗಿ ನೆಡಿ. ಮಣ್ಣಿನ ಟ್ಯಾಂಕಿಗಂತೂ ಇದು ಕಡ್ಡಾಯ; ಗಿಡ ಉಣ್ಣದಿದ್ದರೆ ಪಾಚಿ ಉಣ್ಣುತ್ತದೆ.

ನಂತರ ಹಳೇ ತಟ್ಟೆಯನ್ನು ತಳಹಾಸಿನ ಮೇಲಿಟ್ಟು, ತೆಳು ಪೈಪಿನಿಂದ ಅದರ ಮೇಲೆ ನೀರು ಬಿಡಿ. ಎರಡಡಿ ಟ್ಯಾಂಕಿಗೆ ಮುಕ್ಕಾಲು ಗಂಟೆ ಹಿಡಿದರೆ ಸರಿಯಾದ ವೇಗ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಬೇಕು. ನಾನೊಮ್ಮೆ ಅವಸರಕ್ಕೆ ಬಕೆಟ್ಟೇ ಎತ್ತಿ ಸುರಿದೆ. ಮುಚ್ಚಳದ ಮರಳು ಬದಿಗೆ ಸರಿದು ಕೆಮ್ಮಣ್ಣು ಎದ್ದಿತು. ಆವತ್ತು ಸಂಜೆ ಮನೆಗೆ ಬಂದ ಅತ್ತೆ, ಇದೇನು ಟೀ ಮಾಡಿಟ್ಟಿದ್ದೀಯಾ ಅಂದರು.

## ಹಂತ 9: ಮೊದಲ ಆರು ವಾರ

ಆಕ್ವಾಸಾಯಿಲ್ ಆದರೆ ಮೊದಲ ವಾರ ದಿನಾ ಅರ್ಧ ನೀರು ಬದಲಿಸಿ, ಎರಡನೇ ವಾರ ದಿನ ಬಿಟ್ಟು ದಿನ, ಮೂರನೇ ವಾರ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ಜಡ ಮರಳಿಗೆ ಶುರುವಿನಿಂದಲೇ ವಾರಕ್ಕೊಮ್ಮೆ ಸಾಕು. ಮಣ್ಣಿನ ಟ್ಯಾಂಕಿನಲ್ಲಿ ಅಮೋನಿಯಾ ನೋಡಿಕೊಂಡು ಬದಲಿಸಿ. ಲೈಟು ದಿನಕ್ಕೆ ಆರು ಗಂಟೆ, ಹೆಚ್ಚು ಬೇಡ.

ಮೀನು ಬಿಡುವುದು ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ, ಅದೂ ಮೂರು ದಿನದ ಅಂತರದಲ್ಲಿ ಎರಡು ಸಲ ಸೊನ್ನೆ ಬಂದ ಮೇಲೆ. ಜಡ ಮರಳಿನ ಟ್ಯಾಂಕಿಗೂ ಇದೇ ನಿಯಮ, ಆದರೆ ಅಲ್ಲಿ ಮೊದಲ ದಿನದ ಸೊನ್ನೆ ಲೆಕ್ಕಕ್ಕಿಲ್ಲ: ಚಿಟಿಕೆ ಮೀನಿನ ತಿಂಡಿ ಹಾಕಿ, ಅಮೋನಿಯಾ ಏರಿ ಇಳಿದ ಮೇಲಿನ ಸೊನ್ನೆ ಬೇಕು. ಮರಳು ಅಮೋನಿಯಾ ಬಿಡದಿದ್ದರೂ ಮೀನು ಬಿಡುತ್ತದಲ್ಲ.

ಇಲ್ಲಿ ಬಹಳ ಮೀನು ಸಾಯುವುದು ಒಂದು ಸೂಕ್ಷ್ಮ ಗೊತ್ತಿಲ್ಲದೆ. ಪಿಎಚ್ 6.5ರಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಮೂರನೇ ವಾರ ಅವಸರಕ್ಕೆ ಮೀನು ಬಿಟ್ಟಿರುತ್ತೀರಿ, ಅವು ಚೆನ್ನಾಗೇ ಈಜುತ್ತಿರುತ್ತವೆ. ಆಗ ಪಿಎಚ್ 8ರ ಬೋರ್‌ವೆಲ್ ನೀರು ಅರ್ಧ ಟ್ಯಾಂಕ್ ಸುರಿದರೆ ಪಿಎಚ್ ಏರಿ ಅದೇ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. "ನೀರು ಬದಲಿಸಿದ್ದಕ್ಕೇ ಸತ್ತವು" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

## ಗಾಬರಿಯಾಗಬೇಕಾದ್ದು, ಆಗಬಾರದ್ದು

ಎರಡನೇ ವಾರ ಗಾಜಿನ ಮೇಲೆ, ಎಲೆಯ ಮೇಲೆ ಕಂದು ಪುಡಿ ಕೂತರೆ ಅದು ಡಯಾಟಂ ಅನ್ನುವ ಪಾಚಿ. ಒರೆಸಿ ತೆಗೆಯಿರಿ, ತಾನಾಗೇ ಹೋಗುತ್ತದೆ. ಕ್ರಿಪ್ಟ್ ಎಲೆಗಳೆಲ್ಲ ಕರಗಿ ಲೋಳೆಯಾದರೆ ಗಿಡ ಸತ್ತಿತು ಅಂತ ಕೀಳಬೇಡಿ. ಜಾಗ ಬದಲಾದರೆ ಅದು ಹಾಗೇ; ಬೇರು ಬಿಳಿಯಾಗಿ ಗಟ್ಟಿಯಿದ್ದರೆ ತಿಂಗಳಲ್ಲಿ ಹೊಸ ಎಲೆ ಬರುತ್ತದೆ. ತಳಹಾಸಿನಿಂದ ಆಗೀಗ ಒಂದೆರಡು ವಾಸನೆಯಿಲ್ಲದ ಗುಳ್ಳೆ ಏಳುವುದೂ ಸಹಜ.

ಗುಳ್ಳೆಗೆ ಕೊಳೆತ ಮೊಟ್ಟೆಯ ನಾತವಿದ್ದರೆ ವಿಷಯ ಬೇರೆ. ಅದು ಹೈಡ್ರೋಜನ್ ಸಲ್ಫೈಡ್. ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದಿದೆ. ಗಾಜಿನ ಬದಿಯಿಂದ ನೋಡಿದರೆ ಮರಳಿನೊಳಗೆ ಕಪ್ಪು ಕಲೆಗಳು ಕಾಣುತ್ತವೆ. ಒಂದೇ ದಿನ ಎಲ್ಲ ಕೆದಕಿದರೆ ಮೀನು ಉಳಿಯುವುದಿಲ್ಲ. ದಿನಕ್ಕೆ ನಾಲ್ಕು ಕಡೆ ಸಣ್ಣ ಕಡ್ಡಿಯಿಂದ ಚುಚ್ಚಿ, ಏರ್ ಪಂಪ್ ಓಡಿಸಿ, ನೀರು ಬದಲಿಸಿ. ಆಮೇಲೆ ಅಲ್ಲಿ ವಾಲಿಸ್ನೇರಿಯಾ ನೆಟ್ಟರೆ ಬೇರುಗಳು ತಳಕ್ಕೆ ಆಮ್ಲಜನಕ ಒಯ್ಯುತ್ತವೆ. ಕೊಳಲಿನಂತೆ ಉದ್ದ ಚಿಪ್ಪಿನ ಮಲೇಷ್ಯನ್ ಬಸವನಹುಳುಗಳು ಮರಳು ಹೂಡುವ ಕೂಲಿಯಿಲ್ಲದ ಆಳುಗಳು.

ನಲ್ಲಿ ನೀರಿಗಿಂತ ಟ್ಯಾಂಕಿನ ಕೆಎಚ್ ವಾರವಾರ ಏರುತ್ತಿದ್ದರೆ ತಳದಲ್ಲೋ ಅಲಂಕಾರದ ಕಲ್ಲಿನಲ್ಲೋ ಸುಣ್ಣವಿದೆ. ನಿಂಬೆಹಣ್ಣು ತನ್ನಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಏರ್ ಪಂಪ್ ಹಾಕಿ ಅಮೋನಿಯಾ ಅಳೆಯಿರಿ.

## ಈಗಾಗಲೇ ತಪ್ಪು ತಳಹಾಸು ಹಾಕಿದ್ದರೆ

ಜಲ್ಲಿ ದಪ್ಪ, ಆದರೆ ಜಡ ಅಂತಾದರೆ ಕಿತ್ತು ಹಾಕುವ ಅಗತ್ಯವಿಲ್ಲ. ಅಗಲ ಬಾಯಿಯ ಗಾಜಿನ ಬಟ್ಟಲಿಗೆ ಎರಡು ಬೆರಳು ಮಣ್ಣು, ಮೇಲೆ ಎರಡು ಬೆರಳು ಮರಳು ಹಾಕಿ, ಒಂದು ಸ್ವೋರ್ಡ್ ನೆಟ್ಟು ಬಟ್ಟಲನ್ನೇ ಟ್ಯಾಂಕಿನೊಳಗಿಟ್ಟು ಸುತ್ತ ಜಲ್ಲಿ ಒತ್ತಿಬಿಡಿ. ಬೇಡವಾದ ದಿನ ಬಟ್ಟಲು ಎತ್ತಿದರಾಯಿತು.

ಸುಣ್ಣದ ಕಲ್ಲಾದರೆ ತೆಗೆಯಲೇಬೇಕು. ಮೀನುಗಳನ್ನು ಟ್ಯಾಂಕಿನದೇ ನೀರಿರುವ ಬಕೆಟ್ಟಿಗೆ ಹಾಕಿ ಏರ್ ಪಂಪ್ ಇಡಿ. ಫಿಲ್ಟರಿನ ಸ್ಪಂಜನ್ನು ಇನ್ನೊಂದು ಬಕೆಟ್ಟಿನ ಹಳೇ ನೀರಿನಲ್ಲಿ ಮುಳುಗಿಸಿಡಿ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸತ್ತು ಮತ್ತೆ ಒಂದರಿಂದ ಶುರು. ಟ್ಯಾಂಕ್ ಬಸಿದು ಕಲ್ಲು ಮೊಗೆದು ತೆಗೆಯಿರಿ. ಮೀನು ಒಳಗಿರುವಾಗ ಮೊಗೆದರೆ ಅಡಿಯ ಕೊಳೆಯೆಲ್ಲ ಅವುಗಳ ಕಿವಿರಿಗೆ. ಹೊಸದಾಗಿ ಹಾಸುವುದು ಜಡ ಮರಳಾದರೆ ಮೀನು ಅದೇ ಸಂಜೆ ವಾಪಸು ಹೋಗಬಹುದು, ಕೆಎಚ್ ತೀರಾ ಬೇರೆಯಾಗಿದ್ದರೆ ಒಂದೆರಡು ಗಂಟೆ ಲೋಟಲೋಟ ನೀರು ಬೆರೆಸಿ ಒಗ್ಗಿಸಿ. ಆಕ್ವಾಸಾಯಿಲ್ ಹಾಸುವುದಾದರೆ ಮೀನಿಗೆ ಒಂದು ತಿಂಗಳು ಬೇರೆ ಮನೆ ನೋಡಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಎರಡು ವರ್ಷ ಕಳೆದು ಹರಳು ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಹಳೇ ಆಕ್ವಾಸಾಯಿಲನ್ನು ಕಸಕ್ಕೆ ಎಸೆಯಬೇಡಿ. ಒಣಗಿಸಿ ಜರಡಿ ಹಿಡಿದರೆ ದಾರಿ ಮೂರಕ್ಕೆ ಬೇಕಾದ ಮಣ್ಣು ಅದೇ, ನೆನೆಸಿ ಒಣಗಿಸುವ ಕೆಲಸವೂ ಉಳಿಯಿತು. ಜರಡಿಯಲ್ಲಿ ಉಳಿದ ಗಟ್ಟಿ ಹರಳನ್ನು ನಮ್ಮ ಮನೆಯಲ್ಲಿ ತುಳಸಿ ಕುಂಡಕ್ಕೆ ಹಾಕುತ್ತೇವೆ.